ಟಿಎಂಎ-2

ಟಿಎಂಎ-2 ಆಂಫೆಟಮೈನ್ ವರ್ಗಕ್ಕೆ ಸೇರಿದ ಸಂಶ್ಲೇಷಿತ ಭ್ರಮಾಜನಕ. ರಸಾಯನಶಾಸ್ತ್ರದಲ್ಲಿ ಇದರ ಪೂರ್ಣ ಹೆಸರು 2,4,5-ಟ್ರೈಮೆಥಾಕ್ಸಿಆಂಫೆಟಮೈನ್. ಇದು ಮೊದಲು ತಯಾರಾದದ್ದು 1933ರಲ್ಲಿ. ಮನಸ್ಸಿನ ಮೇಲೆ ಇದರ ಪ್ರಭಾವ ಏನೆಂದು ತಿಳಿದದ್ದು ಅದಾಗಿ ಸುಮಾರು ಮೂವತ್ತು ವರ್ಷಗಳ ಮೇಲೆ. ಮದ್ದಾಗಿ ಇದು ಎಲ್ಲೂ ಬಳಕೆಗೆ ಬರಲಿಲ್ಲ. ಮನುಷ್ಯರಲ್ಲಿ ಇದು ಹೇಗೆ ವರ್ತಿಸುತ್ತದೆ ಎಂಬ ತಿಳಿವಳಿಕೆ ಇಂದಿಗೂ ಬಹುಮಟ್ಟಿಗೆ ಒಬ್ಬ ರಸಾಯನ ವಿಜ್ಞಾನಿ ಮತ್ತು ಆತನ ಆಪ್ತ ಬಳಗ ಬರೆದಿಟ್ಟ ಟಿಪ್ಪಣಿಗಳನ್ನೇ ಆಧರಿಸಿದೆ. ಮಿಕ್ಕದ್ದು ಇಲಿಗಳಿಂದ, ಜೀವಕೋಶಗಳಿಂದ ಮತ್ತು ಪೊಲೀಸರು ವಶಪಡಿಸಿಕೊಂಡ ಪೊಟ್ಟಣಗಳಿಂದ ಬಂದದ್ದು.

ಇಷ್ಟು ಅಪರಿಚಿತವಾದ ವಸ್ತುವಿನ ಬಗ್ಗೆ ಕನ್ನಡದಲ್ಲಿ ಬರೆಯಲು ಬಲವಾದ ಕಾರಣವೊಂದಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಯಾವುದೇ ಗ್ರಂಥಿಗೆ ಅಂಗಡಿಗೆ ಹೋಗಿ ಬಾಣಂತಿ ಸಾಮಾನು ಕೇಳಿದರೆ ಕಟ್ಟಿಕೊಡುವ ಪೊಟ್ಟಣದಲ್ಲಿ ಒಂದು ಬಜೆ ಕೊಂಬು ಇರುತ್ತದೆ. ಆ ಬಜೆಯ ಎಣ್ಣೆಯಲ್ಲಿ ಮುಖ್ಯವಾದ ಅಸರೋನ್ ಎಂಬ ಅಂಶಕ್ಕೂ ಟಿಎಂಎ-2ಕ್ಕೂ ರಚನೆಯಲ್ಲಿ ಬಹಳ ಹತ್ತಿರದ ನಂಟಿದೆ. ಈ ನಂಟಿನಿಂದಲೇ ಬಜೆಯ ಬಗ್ಗೆ ಜಗತ್ತಿನಲ್ಲೆಲ್ಲ ಒಂದು ತಪ್ಪು ನಂಬಿಕೆ ಹಬ್ಬಿತು. ಬಜೆ ತಿಂದರೆ ಅದು ಹೊಟ್ಟೆಯೊಳಗೆ ಭ್ರಮಾಜನಕವಾಗಿ ಮಾರ್ಪಡುತ್ತದೆ ಎಂಬುದು ಆ ನಂಬಿಕೆ. ಅದು ನಿಜವಲ್ಲ ಎಂದು ತಿಳಿಯುವುದು ಎಷ್ಟು ಮುಖ್ಯವೋ, ಬಜೆಯಲ್ಲಿ ಬೇರೊಂದು ಬಗೆಯ ಅಪಾಯ ಇದೆ ಎಂದು ತಿಳಿಯುವುದೂ ಅಷ್ಟೇ ಮುಖ್ಯ.

ರಚನೆ

ಆಂಫೆಟಮೈನ್ ಚಿಕ್ಕ ಅಣು. ಆರು ಕಾರ್ಬನ್‌ಗಳ ಒಂದು ಬೆಂಜೀನ್ ಉಂಗುರ, ಅದಕ್ಕೆ ಮೂರು ಕಾರ್ಬನ್‌ಗಳ ಬಾಲ, ಬಾಲದ ನಡುವಿನ ಕಾರ್ಬನ್‌ಗೆ ಅಂಟಿದ ನೈಟ್ರೋಜನ್. 1887ರಲ್ಲಿ ಬರ್ಲಿನ್‌ನಲ್ಲಿ ಲಾಜಾರ್ ಎಡೆಲೆಯಾನು ಇದನ್ನು ಮೊದಲು ತಯಾರಿಸಿದರು. ಏನೂ ಅಂಟದ ಬರೀ ಉಂಗುರವಿದ್ದರೆ ಅದು ಉತ್ತೇಜಕ: ನಿದ್ದೆ, ಹಸಿವು ಹೋಗುತ್ತವೆ, ಎದೆಬಡಿತ ಏರುತ್ತದೆ. ಉಂಗುರದ ಕೆಲವು ನಿರ್ದಿಷ್ಟ ಸ್ಥಾನಗಳಲ್ಲಿ ಮೆಥಾಕ್ಸಿ ಗುಂಪುಗಳನ್ನು ಕೂರಿಸಿದರೆ ಅಣುವಿನ ಗುಣವೇ ಬದಲಾಗುತ್ತದೆ. ಉತ್ತೇಜನ ಹಿಂದೆ ಸರಿದು ಭ್ರಮೆ ಮುಂದೆ ಬರುತ್ತದೆ.

ಉಂಗುರದ ಮೇಲೆ ಮೂರು ಮೆಥಾಕ್ಸಿಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು. 3,4,5 ಸ್ಥಾನದ್ದು ಟಿಎಂಎ; 2,4,5 ಸ್ಥಾನದ್ದು ಟಿಎಂಎ-2; ಹೀಗೆ ಟಿಎಂಎ-6ರವರೆಗೆ. ಆರಕ್ಕೂ ಅಣುಸೂತ್ರ ಒಂದೇ, ತೂಕ ಒಂದೇ. ಆದರೆ ಶಕ್ತಿಯಲ್ಲಿ ಅಜಗಜಾಂತರ. ಅಲೆಕ್ಸಾಂಡರ್ ಶುಲ್ಗಿನ್, ಥಾರ್ನ್‌ಟನ್ ಸಾರ್ಜೆಂಟ್, ಕ್ಲಾಡಿಯೊ ನರಾಂಜೊ 1969ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಹೋಲಿಕೆಯ ಪ್ರಕಾರ, ಪೆಯೋಟಿ ಕಳ್ಳಿಯ ಮೆಸ್ಕಲಿನ್‌ಗಿಂತ ಟಿಎಂಎ ತೂಕಕ್ಕೆ ತೂಕ ಸುಮಾರು ಎರಡು ಪಟ್ಟು ಬಲವಾದದ್ದು, ಟಿಎಂಎ-2 ಸುಮಾರು 17 ಪಟ್ಟು. ಟಿಎಂಎ-3 ಮಾತ್ರ ಅವರು ನೋಡಿದ ಪ್ರಮಾಣದಲ್ಲಿ ಏನೂ ಮಾಡಲಿಲ್ಲ. ಒಂದು ಮೆಥಾಕ್ಸಿ ಬೇರೆ ಸ್ಥಾನಕ್ಕೆ ಸರಿದರೆ ಇಷ್ಟು ವ್ಯತ್ಯಾಸ. ಮಾದಕ ರಸಾಯನದಲ್ಲಿ ಹೆಸರು ಹತ್ತಿರ ಇದೆ ಎಂದು ಗುಣವನ್ನು ಊಹಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇನ್ನು ಅಸರೋನ್. ಅದರಲ್ಲೂ ಬೆಂಜೀನ್ ಉಂಗುರವಿದೆ, ಮೂರು ಮೆಥಾಕ್ಸಿಗಳಿವೆ, ಅವು ಟಿಎಂಎ-2ದಲ್ಲಿ ಇರುವ ಸ್ಥಾನಗಳಲ್ಲೇ ಇವೆ, ಮೂರು ಕಾರ್ಬನ್‌ಗಳ ಬಾಲವೂ ಇದೆ. ಇಲ್ಲದಿರುವುದು ನೈಟ್ರೋಜನ್ ಒಂದೇ. ಅಸರೋನ್ ಅಣುವಿನಲ್ಲಿ 12 ಕಾರ್ಬನ್, 16 ಹೈಡ್ರೋಜನ್, 3 ಆಕ್ಸಿಜನ್. ಅಣುತೂಕ ಸುಮಾರು 208. ಇದಕ್ಕೆ ಒಂದು ಅಮೋನಿಯಾ ಅಣುವನ್ನು, ಅಂದರೆ ಒಂದು ನೈಟ್ರೋಜನ್ ಮತ್ತು ಮೂರು ಹೈಡ್ರೋಜನ್‌ಗಳನ್ನು, ಕಾಗದದ ಮೇಲೆ ಕೂಡಿಸಿದರೆ ಬರುವುದು ಟಿಎಂಎ-2ರ ಸೂತ್ರ; ತೂಕ ಸುಮಾರು 225. ಲೆಕ್ಕ ಚೊಕ್ಕವಾಗಿ ತಾಳೆಯಾಗುತ್ತದೆ. ಅದು ಅಷ್ಟು ಚೊಕ್ಕವಾಗಿ ತಾಳೆಯಾದದ್ದೇ ಮುಂದೆ ತಪ್ಪು ತಿಳಿವಳಿಕೆಗೆ ದಾರಿ ಮಾಡಿಕೊಟ್ಟಿತು.

ಇತಿಹಾಸ

ಈ ಸರಣಿಯ ಮೂಲ ಮೆಸ್ಕಲಿನ್. ಜರ್ಮನಿಯ ಆರ್ಥರ್ ಹೆಫ್ಟರ್ 1897ರಲ್ಲಿ ಪೆಯೋಟಿ ಕಳ್ಳಿಯ ಭ್ರಮಾಜನಕ ಅಂಶ ಅದೇ ಎಂದು ತಮ್ಮ ಮೇಲೇ ಪ್ರಯೋಗಿಸಿ ತೋರಿಸಿದರು. 1919ರಲ್ಲಿ ಎರ್ನ್‌ಸ್ಟ್ ಶ್ಪೇಟ್ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಮೆಸ್ಕಲಿನ್‌ನ ಬಾಲದಲ್ಲಿ ಎರಡು ಕಾರ್ಬನ್ ಇವೆ. ಅದಕ್ಕೆ ಇನ್ನೊಂದು ಕಾರ್ಬನ್ ಸೇರಿಸಿದರೆ ಅದು ಆಂಫೆಟಮೈನ್ ವರ್ಗಕ್ಕೆ ಬಂದು ಟಿಎಂಎ ಆಗುತ್ತದೆ. ಟಿಎಂಎ ಮನುಷ್ಯರಲ್ಲಿ ಭ್ರಮೆ ಹುಟ್ಟಿಸುತ್ತದೆ ಎಂದು 1955ರಲ್ಲಿ ಕೆನಡಾದ ಸಂಶೋಧಕರು ವರದಿ ಮಾಡಿದರು. ಆಗ ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೂ ಮೆಸ್ಕಲಿನ್ ತರಿಸುವ ಸ್ಥಿತಿಗೂ ಏನೋ ಸಂಬಂಧ ಇರಬೇಕೆಂದು ಮನೋವೈದ್ಯರು ಹುಡುಕುತ್ತಿದ್ದ ಕಾಲ. ಹೀಗೆ ಮೊದಲಿಗೆ ಇವು ಹುಚ್ಚಿನ ಮಾದರಿಗಳಾಗಿ ಅಧ್ಯಯನಕ್ಕೆ ಬಂದವು.

ಟಿಎಂಎ-2ವನ್ನು ವಿಕ್ಟರ್ ಬ್ರೂಕ್ನರ್ 1933ರಲ್ಲೇ ತಯಾರಿಸಿದ್ದರು, ಆದರೆ ಅವರ ಆಸಕ್ತಿ ಶುದ್ಧ ರಸಾಯನದಲ್ಲಿ ಮಾತ್ರ. ಅದರ ಮಾನಸಿಕ ಪ್ರಭಾವವನ್ನು ಕಂಡದ್ದು ಕ್ಯಾಲಿಫೋರ್ನಿಯಾದ ಡೌ ಕೆಮಿಕಲ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಶುಲ್ಗಿನ್ (1925–2014), 1960ರ ದಶಕದ ಮೊದಲ ವರ್ಷಗಳಲ್ಲಿ. ಲಾಭ ತಂದ ಒಂದು ಕೀಟನಾಶಕವನ್ನು ಕಂಡುಹಿಡಿದುಕೊಟ್ಟಿದ್ದರಿಂದ ಕಂಪನಿ ಅವರಿಗೆ ಇಷ್ಟಬಂದ ಸಂಶೋಧನೆ ಮಾಡಲು ಬಿಟ್ಟಿತ್ತು. ಅವರು ಆರು ಟಿಎಂಎಗಳನ್ನು ಒಂದೊಂದಾಗಿ ಹೋಲಿಸುತ್ತ ಹೋದರು. 2,4,5 ಜೋಡಣೆಯಲ್ಲಿ ಶಕ್ತಿ ಒಮ್ಮೆಲೇ ಏರುವುದನ್ನು ಗಮನಿಸಿದರು. ಟಿಎಂಎ-2 ಇತಿಹಾಸದಲ್ಲಿ ಉಳಿದಿರುವುದು ಈ ಕಾರಣಕ್ಕೆ. ಅದರ 4ನೇ ಸ್ಥಾನದ ಮೆಥಾಕ್ಸಿ ಇರುವಲ್ಲಿ ಮೀಥೈಲ್ ಇದ್ದರೆ ಡಿಓಎಂ, ಬ್ರೋಮಿನ್ ಇದ್ದರೆ ಡಿಓಬಿ, ಅಯೊಡಿನ್ ಇದ್ದರೆ ಡಿಓಐ. ತಾನು ಹೆಚ್ಚು ಹೆಸರಾಗದೆ ಇಡೀ ಒಂದು ಕುಲವನ್ನು ಹುಟ್ಟುಹಾಕಿದ ಅಣು ಇದು.

ಆ ಕುಲದ ಕಥೆ ಸುಖಕರವಾದದ್ದಲ್ಲ. ಶುಲ್ಗಿನ್ 1963ರಲ್ಲಿ ತಯಾರಿಸಿದ ಡಿಓಎಂ 1967ರಲ್ಲಿ ಎಸ್‌ಟಿಪಿ ಎಂಬ ಹೆಸರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬೀದಿಗೆ ಬಂತು. ಮಾತ್ರೆಯಲ್ಲಿದ್ದ ಪ್ರಮಾಣ ವಿಪರೀತ ಹೆಚ್ಚಾಗಿತ್ತು. ಅದರ ಜೊತೆಗೆ ಡಿಓಎಂ ತಲೆಗೇರಲು ನಿಧಾನ. ಏನೂ ಆಗಲಿಲ್ಲವೆಂದು ಇನ್ನೊಂದು ನುಂಗಿದವರು ಆಮೇಲೆ ದಿನವಿಡೀ ಇಳಿಯದ ಭಯ ಭ್ರಮೆಗಳಲ್ಲಿ ಆಸ್ಪತ್ರೆ ಸೇರಿದರು. ಸಾಲಮನ್ ಸ್ನೈಡರ್ ಮತ್ತು ಸಂಗಡಿಗರು ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಡಿಓಎಂ ಕುರಿತು ಬರೆದರು. ಡಿಓಬಿಯಿಂದ ರಕ್ತನಾಳಗಳು ಬಿಗಿದುಕೊಂಡು ಕೈಕಾಲಿಗೆ ರಕ್ತ ಹರಿಯದೆ ಹೋದ ಪ್ರಕರಣಗಳು 1980ರ ದಶಕದ ವೈದ್ಯಕೀಯ ಪತ್ರಿಕೆಗಳಲ್ಲಿವೆ. ಈ ಗುಂಪಿನ ವಸ್ತುಗಳು ನಿಧಾನವಾಗಿ ಏರುತ್ತವೆ, ತಡವಾಗಿ ಇಳಿಯುತ್ತವೆ. ಅವುಗಳಿಂದಾಗುವ ಅನಾಹುತಗಳ ಬಹುಪಾಲು ಇದರಿಂದಲೇ ಹುಟ್ಟಿದ್ದು.

ಶುಲ್ಗಿನ್ ದಂಪತಿ 1991ರಲ್ಲಿ ಪ್ರಕಟಿಸಿದ ಪಿಹ್ಕಲ್ ಎಂಬ ಗ್ರಂಥದಲ್ಲಿ ಟಿಎಂಎ-2ರ ಟಿಪ್ಪಣಿಗಳಿವೆ. ಪ್ರಭಾವ 8ರಿಂದ 12 ಗಂಟೆ ಇರುತ್ತದೆ. ಆರಂಭದಲ್ಲಿ ಹೊಟ್ಟೆ ತೊಳಸುತ್ತದೆ. ಬೆರಳೆಣಿಕೆಯ ಜನ, ತಾವು ಏನು ತೆಗೆದುಕೊಳ್ಳುತ್ತಿದ್ದೇವೆಂದು ಬಲ್ಲವರು, ಶುದ್ಧ ವಸ್ತುವನ್ನು ಬಳಸಿ ಬರೆದದ್ದು ಅದು. ಬೀದಿಯಲ್ಲಿ ಸಿಗುವ ಪುಡಿಯ ಬಗ್ಗೆ ಅದರಿಂದ ಏನನ್ನೂ ತೀರ್ಮಾನಿಸಲಾಗದು.

ಬಜೆ ಮತ್ತು ಅಸರೋನ್

ಶುಲ್ಗಿನ್ ಒಂದು ಊಹೆ ಮುಂದಿಟ್ಟರು. ಸಾಂಬಾರ ಪದಾರ್ಥಗಳ ಎಣ್ಣೆಗಳಲ್ಲಿ ನೈಟ್ರೋಜನ್ ಇಲ್ಲದ, ಆದರೆ ಉಳಿದಂತೆ ಆಂಫೆಟಮೈನ್‌ಗಳನ್ನು ಹೋಲುವ ಅಣುಗಳಿವೆ: ಜಾಯಿಕಾಯಿಯಲ್ಲಿ ಮಿರಿಸ್ಟಿಸಿನ್ ಮತ್ತು ಎಲೆಮಿಸಿನ್, ಬಜೆಯಲ್ಲಿ ಅಸರೋನ್. ದೇಹವೇ ಇವಕ್ಕೆ ನೈಟ್ರೋಜನ್ ಸೇರಿಸಿ ಮಾದಕವಾಗಿ ಮಾರ್ಪಡಿಸುತ್ತಿರಬಹುದೇ? ಹೆಚ್ಚು ಜಾಯಿಕಾಯಿ ತಿಂದವರಿಗೆ ಅಮಲೇರುವುದು ಗೊತ್ತಿದ್ದ ಸಂಗತಿಯಾದ್ದರಿಂದ ಊಹೆಗೆ ಬಲ ಬಂತು. ಅಬ್ರಾಮ್ ಹಾಫರ್ ಮತ್ತು ಹಂಫ್ರಿ ಆಸ್ಮಂಡ್ 1967ರ ತಮ್ಮ ಗ್ರಂಥದಲ್ಲಿ ಕೆನಡಾದ ಕ್ರೀ ಜನ ಬಜೆ ಬೇರು ಅಗಿಯುವುದನ್ನೂ, ಹೆಚ್ಚಾದರೆ ಎಲ್‌ಎಸ್‌ಡಿಯಂಥ ಅನುಭವ ಆಗುತ್ತದೆಂದು ಒಬ್ಬರು ಹೇಳಿದ್ದನ್ನೂ ದಾಖಲಿಸಿದ ಮೇಲೆ ಬಜೆ ಭ್ರಮಾಜನಕ ಗಿಡಗಳ ಪಟ್ಟಿಗೆ ಸೇರಿಹೋಯಿತು. ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತ ಊಹೆ ಸತ್ಯದ ವೇಷ ತೊಟ್ಟಿತು.

ಪರೀಕ್ಷಿಸಿದವರಿಗೆ ಸಿಕ್ಕ ಫಲ ಬೇರೆ. ಜರ್ಮನಿಯ ಹೊಂಬುರ್ಗ್‌ನಲ್ಲಿ ಹಾನ್ಸ್ ಮೌರರ್ ಅವರ ತಂಡ ಜಾಯಿಕಾಯಿಯ ಅಂಶಗಳನ್ನು ಇಲಿಗಳಿಗೆ ಕೊಟ್ಟು, ಜಾಯಿಕಾಯಿ ಹೆಚ್ಚು ತಿಂದು ಅಸ್ವಸ್ಥನಾದ ರೋಗಿಯ ಮೂತ್ರವನ್ನೂ ನೋಡಿ 2006ರಲ್ಲಿ ವರದಿ ಮಾಡಿತು: ಆಂಫೆಟಮೈನ್ ಜಾತಿಯ ಯಾವ ವಸ್ತುವೂ ಸಿಗಲಿಲ್ಲ. ಸ್ವೀಡನ್‌ನಲ್ಲಿ ಅಮಲಿನ ಆಸೆಗೆ ಬಜೆ ಎಣ್ಣೆ ಕುಡಿದು ಆಸ್ಪತ್ರೆಗೆ ಬಂದವರ ಮಾದರಿಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಟಿಎಂಎ-2 ಪತ್ತೆಯಾಗಲಿಲ್ಲ. ಅವರಿಗೆ ಆದದ್ದು ಭ್ರಮೆಯಲ್ಲ, ಗಂಟೆಗಟ್ಟಲೆ ನಿಲ್ಲದ ವಾಂತಿ.

ಆಯುರ್ವೇದಕ್ಕೆ ಇದು ಹೊಸ ಸುದ್ದಿಯೇನೂ ಅಲ್ಲ. ವಚಾ ಎಂಬ ಹೆಸರಿನಿಂದ ಬಜೆಯನ್ನು ಬಲ್ಲ ಆ ಶಾಸ್ತ್ರ ಅದನ್ನು ವಮನಕ್ಕೂ ಬಳಸುತ್ತದೆ. ಭಾರತದ ಆಯುರ್ವೇದ ಫಾರ್ಮಕೋಪಿಯಾ ಸಾಮಾನ್ಯ ಬಳಕೆಗೆ ಹೇಳುವ ಪ್ರಮಾಣ ದೊಡ್ಡವರಿಗೆ 60ರಿಂದ 120 ಮಿಲಿಗ್ರಾಂ ಪುಡಿ. ವಾಂತಿ ಮಾಡಿಸಲು 1ರಿಂದ 2 ಗ್ರಾಂ. ಬಳಸುವ ಮುನ್ನ ಶೋಧನೆ, ಅಂದರೆ ಶುದ್ಧಿ, ಮಾಡಬೇಕೆಂಬ ಕಟ್ಟಳೆಯೂ ಇದೆ. ಎಷ್ಟು ಕಡಿಮೆ ಕೊಡಬೇಕಾದ ವಸ್ತು ಇದು ಎಂಬುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು.

ಭಾರತದ ವಿಜ್ಞಾನಿಗಳ ಕೆಲಸವೂ ಇಲ್ಲಿ ಗಣನೀಯ. ಪಿ. ಸಿ. ದಾಂಡಿಯಾ ಮೊದಲು ಕೆನಡಾದಲ್ಲಿ, ಆಮೇಲೆ ಜೈಪುರದ ವೈದ್ಯಕೀಯ ಕಾಲೇಜಿನಲ್ಲಿ, 1950ರ ದಶಕದ ಕೊನೆಯಿಂದ ಬಜೆ ಎಣ್ಣೆ ಮತ್ತು ಅಸರೋನ್ ಬಗ್ಗೆ ಸರಣಿ ಪ್ರಬಂಧಗಳನ್ನು ಬರೆದರು. ಪ್ರಾಣಿಗಳಲ್ಲಿ ಅವರು ಕಂಡದ್ದು ಶಮನದ ಗುಣ: ಓಡಾಟ ತಗ್ಗುತ್ತದೆ, ನಿದ್ದೆಮದ್ದು ಕೊಟ್ಟ ಪ್ರಾಣಿ ಇನ್ನೂ ಹೆಚ್ಚು ಹೊತ್ತು ಮಲಗುತ್ತದೆ. ಎಂ. ಕೆ. ಮೆನನ್ ಜೊತೆ 1967ರಲ್ಲಿ ಬರೆದ ಪ್ರಬಂಧದ ವಿಷಯವೇ ಅಸರೋನ್ ಹೇಗೆ ಮನಸ್ಸನ್ನು ಶಾಂತಗೊಳಿಸುತ್ತದೆ ಎಂಬುದು. ಅಸರೋನ್ ದೇಹದಲ್ಲಿ ಟಿಎಂಎ-2 ಆಗುವುದಾದರೆ ಇದಕ್ಕೆ ತದ್ವಿರುದ್ಧ ಫಲ ಕಾಣಬೇಕಿತ್ತು. ಬಜೆಯ ಭ್ರಮಾಜನಕ ಖ್ಯಾತಿ ಅಮೆರಿಕ, ಯೂರೋಪುಗಳಲ್ಲಿ ಬೆಳೆಯುತ್ತಿದ್ದ ಅದೇ ವರ್ಷಗಳಲ್ಲಿ ಅದನ್ನು ಅಲ್ಲಗಳೆಯುವ ಸಾಕ್ಷ್ಯ ಜೈಪುರದಿಂದ ಪ್ರಕಟವಾಗುತ್ತಿತ್ತು. ಅದಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ.

ಹಾಗಾದರೆ ಬಜೆ ನಿರಪಾಯವೇ? ಇಲ್ಲ. ಬಜೆ ಗಿಡದಲ್ಲಿ ಮೂರು ಬಗೆಗಳಿವೆ. ಉತ್ತರ ಅಮೆರಿಕದ ದ್ವಿಗುಣಿತ ಬಗೆಯಲ್ಲಿ (24 ವರ್ಣತಂತು) ಬೀಟಾ-ಅಸರೋನ್ ಎಂಬ ಅಸರೋನ್ ರೂಪ ಇಲ್ಲ. ಯೂರೋಪಿನ ತ್ರಿಗುಣಿತದಲ್ಲಿ (36) ಸ್ವಲ್ಪ ಇದೆ. ಭಾರತದಲ್ಲಿ ಸಾಮಾನ್ಯವಾದ ಚತುರ್ಗುಣಿತದಲ್ಲಿ (48) ಎಣ್ಣೆಯ ಮುಕ್ಕಾಲು ಪಾಲಿಗೂ ಮಿಕ್ಕಿ ಅದೇ ಇರುತ್ತದೆ. ಜಮ್ಮು ಮೂಲದ ಬಜೆ ಎಣ್ಣೆಯನ್ನು ಇಲಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಕರುಳಿನಲ್ಲಿ ಗಡ್ಡೆಗಳು ಕಂಡವು ಎಂದು 1967ರಲ್ಲಿ ವರದಿಯಾಯಿತು. ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯನ್ನೂ ಅದರ ಎಣ್ಣೆಯನ್ನೂ ನಿಷೇಧಿಸಿತು. ನಮ್ಮ ಅಂಗಡಿಗಳ ಬಜೆ ಸಾಮಾನ್ಯವಾಗಿ ಆ ಚತುರ್ಗುಣಿತ ಬಗೆಯದು.

ಬಜೆ ಜೌಗು ಬೇಡುವ ಗಿಡ. ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ಕೊರಟಗೆರೆ ಸುತ್ತ ಗದ್ದೆಗಳಲ್ಲಿ ಅದನ್ನು ಬೆಳೆಯುತ್ತಾರೆ. ಸೂಳೆಕೆರೆ ಮತ್ತು ಭದ್ರಾ ನಾಲೆಯ ನೀರುಂಡ ಚನ್ನಗಿರಿ ಸೀಮೆಯಲ್ಲಾಗಲಿ, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಾಗಲಿ, ಅದರಿಂದ ಈಚೆಗೆ ಬೇರೆ ತಾಲ್ಲೂಕಾದ ನ್ಯಾಮತಿಯಲ್ಲಾಗಲಿ ರೈತನ ಮನಸ್ಸು ಅಡಿಕೆ, ಭತ್ತದ ಮೇಲೆ; ಮಳೆ ಕಡಿಮೆಯ ಜಗಳೂರಿನಲ್ಲಿ ಬಜೆ ಬೆಳೆಯುವ ಮಾತೇ ಇಲ್ಲ. ಆದರೂ ನಾಲ್ಕೂ ಕಡೆ ಅಂಗಡಿಯ ಮೂಲಕ ಬಜೆ ಮನೆಗೆ ಬರುತ್ತದೆ, ಮುಖ್ಯವಾಗಿ ಕೂಸಿಗಾಗಿ. ಬೆರಳುದ್ದದ ಕಂದು ಬಣ್ಣದ ಕೊಂಬು. ಮೈ ತುಂಬ ಗೆಣ್ಣುಗಳು. ಮುರಿದರೆ ಒಳಗೆ ಬಿಳುಪು, ಮೂಗಿಗೆ ಬಡಿಯುವ ಘಾಟು. ಅದನ್ನು ದೀಪದಲ್ಲಿ ಸುಟ್ಟು, ತೇಯುವ ಕಲ್ಲಿನ ಮೇಲೆ ತಾಯಿಹಾಲು ಬಿಟ್ಟು ಒಂದೆರಡು ಸುತ್ತು ತೇಯ್ದು, ಅದೇ ಕಲ್ಲಿನ ಮೇಲೆ ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಶುಂಠಿಯನ್ನೂ ಒಂದೊಂದು ಸುತ್ತು ತೇಯ್ದು, ಬೆರಳಿನಿಂದ ಕೂಸಿನ ನಾಲಿಗೆಗೆ ಸವರುತ್ತಾರೆ. ಬಜೆ ನೆಕ್ಕಿಸಿದರೆ ಮಾತು ಬೇಗ ಬರುತ್ತದೆ, ಹೊಟ್ಟೆಯುಬ್ಬರ ಇಳಿಯುತ್ತದೆ ಎಂದು ಅಜ್ಜಿಯರ ನಂಬಿಕೆ. ತುಂಡು ಮಾಡಿ ದಾರಕ್ಕೆ ಪೋಣಿಸಿ ಕೈಗೆ ಕಟ್ಟುವುದೂ ಉಂಟು; ಕೂಸು ಅದನ್ನು ಬಾಯಿಗಿಟ್ಟು ಚೀಪುತ್ತಲೇ ಇರುತ್ತದೆ.

ಈ ಪದ್ಧತಿಯ ಹಿಂದಿನ ಅಕ್ಕರೆಯನ್ನು ಕಡೆಗಣಿಸಬೇಕಿಲ್ಲ. ಆದರೆ ಶಮನದ ಗುಣವುಳ್ಳ, ಹೆಚ್ಚಾದರೆ ವಾಂತಿ ಮಾಡಿಸುವ, ಇಲಿಗಳಲ್ಲಿ ಗಡ್ಡೆ ತಂದ ಅಂಶವೊಂದನ್ನು ಮೂರು ತಿಂಗಳ ಕೂಸಿಗೆ ಅಳತೆಯಿಲ್ಲದೆ ದಿನಾ ನೆಕ್ಕಿಸುವುದನ್ನು ಒಪ್ಪಲಾಗದು. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಅಂಗನವಾಡಿಯಲ್ಲೂ ಹೇಳುತ್ತಾರೆ. ಅದು ಬಜೆಗೂ ಸಲ್ಲುತ್ತದೆ. ಬಜೆ ನೆಕ್ಕಿದ ಮೇಲೆ ಮಗು ಸುಮ್ಮನೆ ಮಲಗಿತೆಂದರೆ ಹೊಟ್ಟೆನೋವು ವಾಸಿಯಾಯಿತೆಂದೇ ಅರ್ಥವಲ್ಲ, ಮಂಪರು ಕವಿದಿರಲೂಬಹುದು.

ಮಿದುಳಿನಲ್ಲಿ

ಮಿದುಳಿನ ನರಕೋಶಗಳ ಮೇಲೆ ಸೆರೊಟೋನಿನ್‌ಗೆಂದು ಹಲವು ಬಗೆಯ ಗ್ರಾಹಕಗಳಿವೆ. ಅವುಗಳಲ್ಲಿ 5-ಎಚ್‌ಟಿ2ಎ ಎಂಬುದನ್ನು ಟಿಎಂಎ-2 ಪ್ರಚೋದಿಸುತ್ತದೆ. ಎಲ್‌ಎಸ್‌ಡಿ, ಸಿಲೊಸೈಬಿನ್, ಮೆಸ್ಕಲಿನ್‌ಗಳ ಮುಖ್ಯ ದಾರಿಯೂ ಅದೇ. ಸಾದಾ ಆಂಫೆಟಮೈನ್ ಮತ್ತು ಎಂಡಿಎಂಎ ನರಕೋಶದೊಳಗಿನ ಡೋಪಮಿನ್, ಸೆರೊಟೋನಿನ್‌ಗಳನ್ನು ಹೊರಗೆ ಸುರಿಸುತ್ತವೆ. ಟಿಎಂಎ-2ದಲ್ಲಿ ಆ ಗುಣ ಬಲು ದುರ್ಬಲ. ಹೆಸರಿನಲ್ಲಿ ಆಂಫೆಟಮೈನ್ ಇದ್ದರೂ ಅದು ನಡೆದುಕೊಳ್ಳುವುದು ಭ್ರಮಾಜನಕದಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಥಿಯಾಸ್ ಲೀಖ್ಟಿ ಅವರ ತಂಡ 2019ರಲ್ಲಿ ಈ ಜಾತಿಯ ಅಣುಗಳನ್ನು ಸಾಲಾಗಿ ಪರೀಕ್ಷಿಸಿ ಗ್ರಾಹಕಗಳೊಂದಿಗಿನ ಅವುಗಳ ಸಂಬಂಧವನ್ನು ಪ್ರಕಟಿಸಿತು. ಯಕೃತ್ತು ಟಿಎಂಎ-2ವನ್ನು ಹೇಗೆ ಒಡೆಯುತ್ತದೆ ಎಂಬುದನ್ನು ಇಲಿಗಳಲ್ಲಿ ನೋಡಿದ್ದು ಮೌರರ್ ತಂಡ.

ಇದೇ ಕುಲದ ಡಿಓಐ ಮಾತ್ರ ವಿಜ್ಞಾನಕ್ಕೆ ನೆರವಾಗಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ ಡಿಓಐ ಬಳಸಿ ಆತಂಕದ ನರಜಾಲವನ್ನು ಅಧ್ಯಯನ ಮಾಡುತ್ತ ಬಂದಿದೆ. ಮಿದುಳಿನ ಹಿಪ್ಪೊಕ್ಯಾಂಪಸ್‌ನ ಕೆಳಭಾಗದ ಒಂದು ಬಗೆಯ ನರಕೋಶಗಳ ಮೂಲಕ ಡಿಓಐ ಇಲಿ ಹೆಗ್ಗಣಗಳಲ್ಲಿ ಆತಂಕ ತಗ್ಗಿಸುತ್ತದೆ ಎಂಬ ಅವರ ಪ್ರಬಂಧ 2024ರಲ್ಲಿ ನ್ಯೂರಾನ್ ಪತ್ರಿಕೆಯಲ್ಲಿ ಬಂತು. ಪ್ರಯೋಗಾಲಯದ ಪ್ರಾಣಿಗಳಿಂದ ಬಂದ ತಿಳಿವಳಿಕೆ ಇದು. ಮನುಷ್ಯರ ಆತಂಕಕ್ಕೆ ಇದೇ ಮದ್ದು ಎಂದು ಯಾರೂ ಹೇಳಿಲ್ಲ.

ಕಾನೂನು

ವಿಶ್ವಸಂಸ್ಥೆಯ 1971ರ ಮನೋಪ್ರಭಾವಿ ವಸ್ತುಗಳ ಒಡಂಬಡಿಕೆಗೆ ಭಾರತ 1975ರಲ್ಲಿ ಸೇರಿತು. 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆ, ಎಲ್ಲರ ಬಾಯಲ್ಲಿ ಎನ್‌ಡಿಪಿಎಸ್, ಆ ಒಡಂಬಡಿಕೆಯ ಹೊಣೆಯನ್ನೂ ಹೊತ್ತಿದೆ. ಅದರ ಪಟ್ಟಿಯಲ್ಲಿ ಟಿಎಂಎ, ಡಿಓಎಂ, ಡಿಓಬಿ, ಡಿಓಇಟಿ, ಎಂಎಂಡಿಎ ಹೆಸರುಗಳಿವೆ. ಪಟ್ಟಿಯ ಟಿಎಂಎ ಅಂದರೆ 3,4,5 ಸ್ಥಾನದ್ದು. ನಮ್ಮ ಕಾಯ್ದೆ ವಸ್ತುಗಳನ್ನು ಹೆಸರು ಹಿಡಿದು ಪಟ್ಟಿ ಮಾಡುತ್ತದೆ. ಹೊಸದನ್ನು ಸೇರಿಸಲು ಕೇಂದ್ರ ಸರ್ಕಾರ ಗೆಜೆಟ್ ಅಧಿಸೂಚನೆ ಹೊರಡಿಸಬೇಕು. ಬ್ರಿಟನ್ 1977ರಲ್ಲೇ ಬೇರೆ ದಾರಿ ಹಿಡಿದು, ಉಂಗುರದ ಮೇಲೆ ಇಂಥಿಂಥ ಗುಂಪು ಕೂತ ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿತು. ಯೂರೋಪ್ ಒಕ್ಕೂಟ 2003ರ ನವೆಂಬರ್‌ನಲ್ಲಿ 2ಸಿ-ಐ, 2ಸಿ-ಟಿ-2, 2ಸಿ-ಟಿ-7 ಜೊತೆಗೆ ಟಿಎಂಎ-2ವನ್ನು ಹೆಸರಿಸಿ ನಿಯಂತ್ರಣಕ್ಕೆ ತಂದಿತು. ಜಪಾನಿನಲ್ಲಿ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಇದಕ್ಕೆ 2006ರಲ್ಲಿ ತಡೆ ಬಿತ್ತು. ಅಣುವಿನ ಒಂದು ಮೂಲೆ ಬದಲಿಸಿ ಪಟ್ಟಿಯಿಂದ ತಪ್ಪಿಸಿಕೊಳ್ಳುವ ತಯಾರಕರ ಮುಂದೆ ಬ್ರಿಟನ್ನಿನ ವಿಧಾನವೇ ಹೆಚ್ಚು ಗಟ್ಟಿ.

ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ತೂಕವನ್ನು ಅವಲಂಬಿಸಿದೆ. ಎಂಡಿಎಂಎಗೆ ಅರ್ಧ ಗ್ರಾಂ ಅಲ್ಪ ಪ್ರಮಾಣ, 10 ಗ್ರಾಂ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಸೆರೆ. ಬೆರೆಸಿದ ಪುಡಿಯಲ್ಲಿ ಮಾದಕದ ಪಾಲು ಎಷ್ಟೇ ಇರಲಿ, ಇಡೀ ಮಿಶ್ರಣದ ತೂಕವನ್ನೇ ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಹಳ್ಳಿಯಿಂದ ಬೆಂಗಳೂರಿಗೆ ಓದಲು ಹೋದ ಹುಡುಗನೊಬ್ಬ ಸ್ನೇಹಿತನ ಪೊಟ್ಟಣವನ್ನು ಬ್ಯಾಗಿನಲ್ಲಿಟ್ಟುಕೊಂಡರೆ ಏನಾಗಬಹುದೆಂದು ಮನೆಯವರಿಗೆ ತಿಳಿದಿರುವುದು ಒಳ್ಳೆಯದು. ಅದೇ ಕಾಯ್ದೆಯ 64ಎ ಕಲಮು ಚಟಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಅಪರಾಧಗಳಲ್ಲಿ ರಕ್ಷಣೆ ಕೊಡುತ್ತದೆ. ಈ ಕಲಮಿನ ವಿಷಯ ಠಾಣೆಯ ಮೆಟ್ಟಿಲು ಹತ್ತುವವರೆಗೆ ಹೆಚ್ಚಿನ ತಂದೆತಾಯಿಗಳ ಕಿವಿಗೆ ಬೀಳುವುದೇ ಇಲ್ಲ.

ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ

ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರಿಗೆ ಕೀಟನಾಶಕ ಕುಡಿದವರನ್ನು ನೋಡಿದ ಅನುಭವ ಬೇಕಾದಷ್ಟಿರುತ್ತದೆ: ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಉಮ್ಮತ್ತಿ ಕಾಯಿ ತಿಂದವರೂ ಅಪರೂಪವಲ್ಲ: ಪಾಪೆ ಅರಳಿ, ಬಾಯಿ ಚರ್ಮ ಒಣಗಿ, ಮೈ ಕಾದು, ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಾರೆ. ಟಿಎಂಎ-2 ಜಾತಿಯ ವಸ್ತು ಸೇವಿಸಿದವರಲ್ಲೂ ಪಾಪೆ ಅರಳಿರುತ್ತದೆ, ಭ್ರಮೆ ಇರುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರಿರುತ್ತವೆ. ಆದರೆ ಚರ್ಮ ಒಣಗಿರುವುದಿಲ್ಲ, ಬೆವರುತ್ತಿರುತ್ತದೆ. ಕರುಳಿನ ಸದ್ದು ನಿಂತಿರುವುದಿಲ್ಲ. ಮಾತನಾಡಿಸಿದರೆ ಹೆಚ್ಚಿನವರು ತಾವು ಎಲ್ಲಿದ್ದೇವೆಂದು ಹೇಳಬಲ್ಲರು. ಉಮ್ಮತ್ತಿಗೂ ಇದಕ್ಕೂ ಹಾಸಿಗೆಯ ಪಕ್ಕದಲ್ಲೇ ಕಾಣುವ ವ್ಯತ್ಯಾಸ ಇದು.

ಟಿಎಂಎ-2 ಜಾತಿಯ ವಸ್ತುಗಳಿಗೆ ಪ್ರತ್ಯೇಕ ಮಾರುಮದ್ದು ಇಲ್ಲ. ಸದ್ದುಗದ್ದಲ, ಕಣ್ಣು ಕುಕ್ಕುವ ಬೆಳಕು ಇಲ್ಲದ ಜಾಗ, ಪಕ್ಕದಲ್ಲಿ ಪರಿಚಿತರೊಬ್ಬರು, ಉದ್ವೇಗ ತಗ್ಗಿಸಲು ಡಯಾಜೆಪಾಮ್ ಅಥವಾ ಲೊರಾಜೆಪಾಮ್, ಮೈ ಕಾದರೆ ಕೂಡಲೇ ತಂಪು ಮಾಡುವುದು, ದ್ರವ ಕೊಡುವುದು. ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ, ನಾಡಿ ಸಿಗದಾದರೆ ರಕ್ತನಾಳ ಬಿಗಿದಿದೆ ಎಂದು ತಿಳಿದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ವೈದ್ಯಕೀಯ ಕಾಲೇಜಿಗೋ ತಡಮಾಡದೆ ಕಳಿಸಬೇಕು. ನಾಲ್ಕು ಗಂಟೆಯಲ್ಲಿ ಇಳಿಯಿತೆಂದು ಮನೆಗೆ ಕಳಿಸುವುದು ತಪ್ಪು. ಈ ಕುಲದ ಕೆಲವು ವಸ್ತುಗಳ ಪ್ರಭಾವ ದಿನ ಕಳೆದರೂ ಇರುತ್ತದೆ.

ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಆಂಫೆಟಮೈನ್ ಇಲ್ಲವೆಂದು ಬಂದರೂ ಈ ವಸ್ತು ಇಲ್ಲವೆಂದು ಹೇಳಲಾಗದು. ಆ ಪಟ್ಟಿಗಳು ಸಾದಾ ಆಂಫೆಟಮೈನ್‌ಗೆ ಹೊಂದಿಸಿದವು. ಮೆಥಾಕ್ಸಿ ಸೇರಿದ ಅಣುಗಳು ಅವಕ್ಕೆ ತಪ್ಪಿಸಿಕೊಳ್ಳುತ್ತವೆ. ಖಚಿತವಾಗಲು ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಆರು ಟಿಎಂಎಗಳ ತೂಕ ಒಂದೇ ಆದ್ದರಿಂದ ಯಾವುದು ಯಾವುದೆಂದು ಬಿಡಿಸಲು ಶುದ್ಧ ಮಾದರಿಯ ಜೊತೆ ಹೋಲಿಸಲೇಬೇಕು. ಆದ್ದರಿಂದ ಮೊದಲ ದಿನದ ರಕ್ತ, ಮೂತ್ರಗಳನ್ನು ಎಸೆಯದೆ ತಣ್ಣಗಿಟ್ಟು, ಮೊಹರು ಮಾಡಿ, ಪೊಲೀಸರ ಮೂಲಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಲುಪಿಸುವುದೊಂದೇ ದಾರಿ. ಜೊತೆಗೆ ಬಂದವರ ಜೇಬಿನಲ್ಲಿ ಉಳಿದ ಮಾತ್ರೆ, ಪುಡಿ, ಕಾಗದದ ಚೂರು ಇದ್ದರೆ ಅದು ಮೂತ್ರಕ್ಕಿಂತ ಹೆಚ್ಚು ಹೇಳುತ್ತದೆ.

ತುರ್ತಿಗೆ 108, ಚಟ ಬಿಡಿಸುವ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಕನ್ನಡದಲ್ಲೇ ಉತ್ತರ ಸಿಗುವ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್ ಎರಡೂ ಸರ್ಕಾರಿ ಸಂಸ್ಥೆಗಳು. ಬಜೆ ಹೆಚ್ಚಾಗಿ ವಾಂತಿ ನಿಲ್ಲದ ಮಗುವನ್ನು ಕರೆತರುವವರು ಮನೆಯಲ್ಲಿ ಉಳಿದ ಕೊಂಬನ್ನೂ, ತೇಯ್ದ ಬೇರೆ ಸಾಮಾನುಗಳನ್ನೂ ಕೈಯಲ್ಲಿ ಹಿಡಿದು ಬರಬೇಕು. ಎಷ್ಟು ಸುತ್ತು ತೇಯ್ದು, ಎಷ್ಟು ಹೊತ್ತಿಗೆ ನೆಕ್ಕಿಸಿದರೆಂದು ಮುಚ್ಚಿಡದೆ ಹೇಳಬೇಕು. ಬಯ್ಯುತ್ತಾರೆಂದು ಅಜ್ಜಿ ಸುಮ್ಮನಿದ್ದರೆ ವೈದ್ಯರು ಬೇರೆ ಕಾಯಿಲೆಯನ್ನು ಹುಡುಕುತ್ತ ಹೊತ್ತು ಕಳೆಯುತ್ತಾರೆ.